ಹೋಗುವಾಗ ‘ಬರ್ತೀನಿ’!

ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ಹಾಸ್ಟೆಲಿಗೆ ಹೊರಟ ಹುಡುಗ ಹೊಸ್ತಿಲ ಬಳಿ ನಿಂತು ‘ಹೋಗ್ತೀನವ್ವ’ ಎಂದರೆ ಮನೆಯ ಹಿರಿಯರು ಬಿಡುವುದಿಲ್ಲ. ‘ಹೋಗ್ತೀನಿ ಅನಬಾರ್ದು, ಬರ್ತೀನಿ ಅನ್ನಪ್ಪ’ ಎಂದು ತಿದ್ದಿಯೇ ಕಳಿಸುತ್ತಾರೆ. ಹೊರಟಿರುವುದು ಹೋಗಲು, ಹೇಳಬೇಕಾದ್ದು ಬರುವ ಮಾತು! ಕರ್ನಾಟಕದ ಉದ್ದಗಲಕ್ಕೂ ಇರುವ ರೂಢಿ ಇದು. ಕನ್ನಡದಲ್ಲಿ ‘ಅವರು ಹೋದರು’ ಎಂದರೆ ತೀರಿಕೊಂಡರು ಎಂಬ ಅರ್ಥವೂ ಉಂಟಲ್ಲ. ಊರು ಬಿಡುವ ಮಗನ ಬಾಯಲ್ಲಿ ಆ ಮಾತು ಯಾವ ತಾಯಿಗೂ ಬೇಡ.

ಜಪಾನಿನ ತಾಯಂದಿರಿಗೂ ಹಾಗೆಯೇ ಇರಬೇಕು. ಅಲ್ಲಿ ಶಾಲೆಗೆ ಹೊರಟ ಮಗು ಬಾಗಿಲಲ್ಲಿ ಹೇಳುವ ‘ಇತ್ತೆಕಿಮಾಸು’ ಎಂಬುದರ ಅರ್ಥ ‘ಹೋಗಿ ಬರುತ್ತೇನೆ’. ತುರ್ಕಿಯಲ್ಲಂತೂ ದೂರ ಹೊರಟವರ ಹಿಂದೆ ನೀರು ಚೆಲ್ಲಿ, ನೀರಿನಂತೆ ಹೋಗಿ ನೀರಿನಂತೆ ಬಾ ಎಂದು ಹರಸುತ್ತಾರೆ.

ಫಜೀತಿಯೆಲ್ಲ ‘ಎಲ್ಲಿಗೆ?’ ಎಂಬ ಪ್ರಶ್ನೆಯದು. ಇಂಡೊನೇಷ್ಯಾದಲ್ಲಿ ದಾರಿಯಲ್ಲಿ ಸಿಕ್ಕವರನ್ನು ‘ಮೌ ಕೆ ಮಾನಾ?’, ಅಂದರೆ ಎಲ್ಲಿಗೆ ಹೊರಟಿರಿ, ಎಂದು ಕೇಳುವುದೇ ಕುಶಲ ವಿಚಾರಣೆ. ‘ಜಲನ್ ಜಲನ್’, ಸುಮ್ಮನೆ ಸುತ್ತಾಡಲು, ಎಂದರೆ ಸಾಕು. ನಮ್ಮಲ್ಲಿ ಮಾತ್ರ ಅದು ಅಪಶಕುನ. ‘ದೂರ ಹೊಂಟೀರೇನು?’ ಎಂದು ಬಳಸಿ ಕೇಳುವುದೇ ಮರ್ಯಾದೆ. ಬಾಯಿ ತಪ್ಪಿ ‘ಎಲ್ಲಿಗೆ’ ಎಂದವರ ಎದುರೇ ಒಳಗೆ ತಿರುಗಿ, ನೀರು ಕುಡಿದು, ಕೂತೆದ್ದು ಹೊರಡುವವರುಂಟು. ಪರೀಕ್ಷೆಯ ಬೆಳಿಗ್ಗೆ ಈ ಶಾಸ್ತ್ರಕ್ಕೆ ಬಸ್ಸು ಕಾಯುವುದಿಲ್ಲ. ಅಂಥ ದಿನ ಮಕ್ಕಳ ಎದೆಬಡಿತ ಹೆಚ್ಚಿಸುವುದು ಶಕುನವಲ್ಲ, ಹಿರಿಯರ ಮುಖದ ಮೇಲಿನ ಗಾಬರಿ.

ರಷ್ಯನ್ನರು ಯಾರೂ ಕೇಳದಿದ್ದರೂ ಪ್ರಯಾಣಕ್ಕೆ ಮುನ್ನ ಮನೆಮಂದಿಯೆಲ್ಲ ಒಂದು ನಿಮಿಷ ಮಾತಿಲ್ಲದೆ ಕೂರುತ್ತಾರೆ. ಮೇಜಿನ ಮೇಲೆ ಮರೆತ ಹಾಲ್ ಟಿಕೆಟ್ ನೆನಪಾಗಲು ಅಷ್ಟು ಹೊತ್ತು ಸಾಕು.