ಬಾಗಿಲು ಹಾಕಿಕೊಂಡರೆ ಸಮನ್ಸ್ ತಪ್ಪುತ್ತದೆಯೇ?



ಈ ಹೊತ್ತು ಜೀವನಾಂಶದ ಮಾತು. ನಮ್ಮ ನೀಲಗಿರಿಯಲ್ಲಿ ಈ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಜೀವನಾಂಶ, ತಮಿಳಿನಲ್ಲಿ ಜೀವನಾಂಶಂ. ವಾಯಿದೆ, ಅಮೀನ ಎಂಬ ಮಾತುಗಳೂ ಎರಡು ಭಾಷೆಗೂ ಸೇರಿದವು. ಮಾತಿಗೆ ಗಡಿ ಇಲ್ಲ. ಆದರೆ ಹೊಣೆ ತಪ್ಪಿಸಿಕೊಳ್ಳುವ ಗಂಡಸಿಗೆ ಗಡಿ ಬಹಳ ಅನುಕೂಲ.

ಮಸಿನಗುಡಿಯಲ್ಲಿ ಒಬ್ಬ ತಂಗಿ ಇದ್ದಾಳೆ ಎಂದು ಇಟ್ಟುಕೊಳ್ಳಿ. ಗಂಡ ಜೀಪು ಓಡಿಸುವವನು. ಬಿಟ್ಟು ಹೋಗಿ ಎರಡು ವರ್ಷ. ಒಂದು ತಿಂಗಳು ತೆಪ್ಪಕಾಡು ದಾಟಿ ಗುಂಡ್ಲುಪೇಟೆಯಲ್ಲಿ, ಇನ್ನೊಂದು ತಿಂಗಳು ಗೂಡಲೂರು ಕಡೆಯಿಂದ ಸುಲ್ತಾನ್ ಬತ್ತೇರಿಯಲ್ಲಿ. ಈಕೆ ಕೋರ್ಟಿಗೆ ಅರ್ಜಿ ಹಾಕಿದಳು. ಮೂರು ವಾಯಿದೆ ಕಳೆಯಿತು. ಮೂರು ಸಲವೂ ಸಮನ್ಸ್ "ಆಳು ಮನೆಯಲ್ಲಿಲ್ಲ" ಎಂಬ ಷರಾದೊಂದಿಗೆ ವಾಪಸ್ ಬಂತು. ಪಕ್ಕದ ಮನೆಯವರು, "ಕಾಗದ ಅವನ ಕೈ ಸೇರದೆ ಕೇಸು ನಡೆಯಲ್ಲ ಕಣಮ್ಮಾ, ಬಿಟ್ಟುಬಿಡು" ಎಂದರು. ಮಗುವಿನ ಶಾಲೆಯ ಖರ್ಚು ಮಾತ್ರ ಬಿಡುವಂತಿಲ್ಲ.

ಪಕ್ಕದ ಮನೆಯವರ ಮಾತು ನಿಜವೇ? ಅಲ್ಲ. ಹೇಗೆಂದು ನೋಡೋಣ.

ಮೊದಲು ಕಾನೂನಿನ ಹೆಸರು. ಹಿಂದೆ ಇದನ್ನು 125ನೇ ಕಲಮಿನ ಕೇಸು ಎನ್ನುತ್ತಿದ್ದೆವು. 2024ರ ಜುಲೈ 1ರಿಂದ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ಇದು 144ನೇ ಕಲಮು. ಅರ್ಜಿ ಹಾಕಲು ನೀವು ಗಂಡನ ಊರಿಗೇ ಹೋಗಬೇಕಾಗಿಲ್ಲ. ಅವನಿರುವ ಊರು, ನೀವು ವಾಸವಿರುವ ಊರು, ಇಬ್ಬರೂ ಕೊನೆಯದಾಗಿ ಕೂಡಿ ಬಾಳಿದ ಊರು, ಇವುಗಳಲ್ಲಿ ಯಾವುದಕ್ಕೆ ಸೇರಿದ ಕೋರ್ಟಾದರೂ ಆಗುತ್ತದೆ. ಆದ್ದರಿಂದ ಗುಂಡ್ಲುಪೇಟೆಗೆ ಬಸ್ಸು ಹತ್ತಬೇಕಾದವರು ನೀವಲ್ಲ, ಸಮನ್ಸ್. ಅವನು ಬೇರೆ ಕೋರ್ಟಿನ ಎಲ್ಲೆಯಲ್ಲಿದ್ದರೆ ಸಮನ್ಸನ್ನು ಎರಡು ಪ್ರತಿಯಲ್ಲಿ ಅಲ್ಲಿನ ಮ್ಯಾಜಿಸ್ಟ್ರೇಟರಿಗೆ ಕಳುಹಿಸಿ ಜಾರಿ ಮಾಡಿಸುವ ಕ್ರಮವಿದೆ.

ಇನ್ನು ಜಾರಿಯ ಮಾತು. ಪೊಲೀಸರೋ ಕೋರ್ಟಿನ ನೌಕರರೋ ಕಾಗದವನ್ನು ಸಾಧ್ಯವಾದರೆ ಅವನ ಕೈಗೇ ಕೊಡಬೇಕು. ಎಷ್ಟು ಹುಡುಕಿದರೂ ಅವನು ಸಿಗದಿದ್ದರೆ, ಅವನ ಜೊತೆ ವಾಸವಿರುವ ಕುಟುಂಬದ ವಯಸ್ಕರೊಬ್ಬರಿಗೆ ಕೊಟ್ಟು ರುಜು ಪಡೆಯಬಹುದು. ಹಳೆಯ ಕಾನೂನು ಗಂಡಸಿಗೇ ಕೊಡಬೇಕು ಎನ್ನುತ್ತಿತ್ತು. ಹೊಸದರಲ್ಲಿ ಆ ಕಟ್ಟಿಲ್ಲ. ಅವನ ತಾಯಿ, ಅಕ್ಕ ಪಡೆದರೂ ಸರಿಯೇ. ಅದೂ ಆಗದಿದ್ದರೆ, ಅವನು ಸಾಮಾನ್ಯವಾಗಿ ವಾಸಿಸುವ ಮನೆಯ ಎದ್ದು ಕಾಣುವ ಜಾಗದಲ್ಲಿ ಒಂದು ಪ್ರತಿಯನ್ನು ಅಂಟಿಸುತ್ತಾರೆ. ಕೋರ್ಟು ವಿಚಾರಿಸಿ, ಸಮನ್ಸ್ ಸರಿಯಾಗಿ ಜಾರಿಯಾಗಿದೆ ಎಂದು ಘೋಷಿಸಬಹುದು. ಅವನು ಸರಕಾರಿ ನೌಕರನಾದರೆ ಅವನ ಕಚೇರಿಯ ಮುಖ್ಯಸ್ಥರ ಮೂಲಕ ಕಳುಹಿಸಬಹುದು. ಹೊಸ ಕಾನೂನಿನಲ್ಲಿ ವಿದ್ಯುನ್ಮಾನ ರೀತಿಯಲ್ಲಿ ಕಳುಹಿಸಲೂ ಅವಕಾಶವಿದೆ. ಅದಕ್ಕಾಗಿ ಅವನ ಫೋನ್ ನಂಬರು ಗೊತ್ತಿದ್ದರೆ ಅರ್ಜಿಯಲ್ಲೇ ಬರೆಯಿಸಿ.

ಇಲ್ಲಿ ಒಂದು ಎಚ್ಚರಿಕೆ. "ಅವನ ಜೊತೆ ವಾಸವಿರುವ", "ಅವನು ವಾಸಿಸುವ ಮನೆ" ಎಂಬ ಮಾತುಗಳನ್ನು ಮರೆಯಬೇಡಿ. ಅವನು ಕಾಲಿಡದ ಹಳೆಯ ಮನೆಯ ವಿಳಾಸ ಕೊಟ್ಟು, ಅಲ್ಲಿ ಅಂಟಿಸಿ, ಬೇಗ ಆದೇಶ ಪಡೆಯೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಾಳೆ ಅವನು ಬಂದು "ನನಗೆ ತಿಳಿದೇ ಇರಲಿಲ್ಲ" ಎಂದರೆ ನಿಮ್ಮ ಆದೇಶವೇ ಅಲುಗಾಡುತ್ತದೆ. ಅವನು ಬಾಡಿಗೆಗಿರುವ ಮನೆ, ಕೆಲಸದ ಜಾಗ, ಜೀಪು ನಿಲ್ಲಿಸುವ ಸ್ಟ್ಯಾಂಡು, ಮನೆಗೆ ಬರುವ ಹೊತ್ತು, ಎಲ್ಲವನ್ನೂ ವಿಚಾರಿಸಿ ಬರೆದು ಕೊಡಿ. ಗಡಿಯಾಚೆಯ ವಿಳಾಸವನ್ನು ತಮಿಳಿನ ಜೊತೆಗೆ ಕನ್ನಡದಲ್ಲೂ ಬರೆದರೆ ಹುಡುಕುವವರಿಗೆ ಸುಲಭ.

ಇಷ್ಟಾದರೂ ಅವನು ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ, ಅಥವಾ ತಿಳಿದೂ ಕೋರ್ಟಿಗೆ ಬರುತ್ತಿಲ್ಲ ಎಂದು ಮ್ಯಾಜಿಸ್ಟ್ರೇಟರಿಗೆ ಮನವರಿಕೆಯಾದರೆ, ಅವನಿಲ್ಲದೆಯೇ ವಿಚಾರಣೆ ನಡೆಸಿ ತೀರ್ಮಾನಿಸಬಹುದು. ಇದನ್ನು ಏಕಪಕ್ಷೀಯ ಆದೇಶ ಎನ್ನುತ್ತಾರೆ. ಮೂರು ತಿಂಗಳೊಳಗೆ ತಕ್ಕ ಕಾರಣ ತೋರಿಸಿದರೆ ಮಾತ್ರ ಅವನು ಅದನ್ನು ರದ್ದುಪಡಿಸಿಕೊಳ್ಳಬಹುದು. ಹಾಗಾಗಿ ಪ್ರತಿ ಸಲ ವಾಪಸ್ ಬಂದ ಕಾಗದದ ಷರಾ ಏನೆಂದು ವಕೀಲರನ್ನು ಕೇಳಿ ತಿಳಿದುಕೊಳ್ಳಿ. "ಮನೆಯಲ್ಲಿಲ್ಲ" ಬೇರೆ, "ತೆಗೆದುಕೊಳ್ಳಲು ಒಪ್ಪಲಿಲ್ಲ" ಬೇರೆ. ಎರಡನೆಯದು ನಿಮಗೆ ಸಾಕ್ಷಿ.

ಇಷ್ಟು ಕಾಲ ಕಳೆದು ಹೋಯಿತಲ್ಲಾ ಎಂಬ ಸಂಕಟ ಬೇಡ. 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು ಎಂದು ಹೇಳಿದೆ. ಅಂದರೆ ಅವನು ಓಡಿದ ಒಂದೊಂದು ತಿಂಗಳೂ ಅವನ ಬಾಕಿಗೇ ಸೇರುತ್ತದೆ. ಆದೇಶವಾದ ಮೇಲೂ ಕೊಡದಿದ್ದರೆ ವಾರಂಟಿನ ಮೂಲಕ ವಸೂಲಿ ಮಾಡಿಸಬಹುದು. ಆಗಲೂ ಬಾಕಿ ಉಳಿದರೆ, ಬಾಕಿಯ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಎಂದೂ ಅಲ್ಲ; 1988ರಲ್ಲೇ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಆದರೆ ಬಾಕಿ ಬಿದ್ದ ಹಣಕ್ಕೆ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ಈ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹೊಡೆತ ಬಡಿತದ ತೊಂದರೆಯೂ ಇದ್ದರೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಂತೆಯೂ ಹಣದ ಪರಿಹಾರ ಕೇಳಬಹುದು. ಅಲ್ಲಿ ನೋಟೀಸು ತಲುಪಿಸುವ ಹೊಣೆ ಸಂರಕ್ಷಣಾಧಿಕಾರಿಯದು.

ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವಿರಾ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ವರಮಾನ ನೋಡದೆ ಉಚಿತ ಕಾನೂನು ನೆರವು ಸಿಗಬೇಕು. ಊಟಿಯಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ನಮ್ಮ ಮಸಿನಗುಡಿಯ ತಂಗಿಗೂ ಇದೇ ಮಾತು. ನಾಲ್ಕನೆಯ ವಾಯಿದೆಗೂ ಹೋಗಮ್ಮಾ. ಕೋರ್ಟಿನಲ್ಲಿ ಹೆಸರು ಕೂಗಿದಾಗ ಅವನು ಇಲ್ಲದಿರುವುದು ಅವನ ತಪ್ಪು. ನೀನು ಇಲ್ಲದಿದ್ದರೆ ಅದೇ ಅವನಿಗೆ ಗೆಲುವು. ಕೈಯಲ್ಲಿ ಸರಿಯಾದ ವಿಳಾಸದ ಚೀಟಿ ಇರಲಿ.