ಬಸವನಹುಳುವಿನ ಬೇಟೆಗಾರ: ಮನೆಯ ತೊಟ್ಟಿಯಲ್ಲಿ ಮಲಬಾರ್ ಪಫರ್

ಪಶ್ಚಿಮ ಘಟ್ಟಗಳಿಂದ ಅರಬ್ಬೀ ಸಮುದ್ರದತ್ತ ಸಾಗುವ ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳಲ್ಲಿ, ನೀರು ನಿಧಾನವಾಗಿ ಹರಿದು ಜಲಸಸ್ಯಗಳು ದಟ್ಟವಾಗಿ ಬೆಳೆದಿರುವೆಡೆ ವಾಸಿಸುವ ಮಲಬಾರ್ ಪಫರ್, ಜಗತ್ತಿನ ಅತಿ ಚಿಕ್ಕ ಪಫರ್ ಮೀನುಗಳಲ್ಲೊಂದು. ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು 1941ರಲ್ಲಿ ಮೊದಲು ವರ್ಣಿಸಿದ ಈ ಮೀನು ಬೆಳೆದರೂ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ಹಸಿರು ಮಿಶ್ರಿತ ಹಳದಿ ಮೈ, ಅದರ ಮೇಲೆ ಕಪ್ಪು ಮಚ್ಚೆಗಳು ಮತ್ತು ಸದಾ ಹೊರಳುವ ಕಣ್ಣುಗಳನ್ನು ಕಂಡು ಮೆಚ್ಚಿದವರು ಇದನ್ನು ಅಲಂಕಾರದ ವಸ್ತುವೆಂದು ಭಾವಿಸಿ ಮನೆಗೆ ಒಯ್ಯುತ್ತಾರೆ. ಗಾತ್ರ ಎಷ್ಟೇ ಕಿರಿದಾದರೂ ಇದು ಬೇಟೆಯಾಡಿಯೇ ಬದುಕುವ ಪ್ರಾಣಿ ಎಂಬುದನ್ನು ಮರೆತಲ್ಲಿಂದಲೇ ಅದರ ಸಂಕಟ ಆರಂಭವಾಗುತ್ತದೆ.

ಎರಡು ಕಣ್ಣುಗಳನ್ನೂ ಬೇರೆಬೇರೆಯಾಗಿ ತಿರುಗಿಸಬಲ್ಲ ಈ ಮೀನು ಬಸವನಹುಳುವನ್ನು ಕಂಡೊಡನೆ ಮೇಲೆರಗುವುದಿಲ್ಲ. ಈಜುರೆಕ್ಕೆಗಳನ್ನು ಬಡಿಯುತ್ತ ನಿಂತಲ್ಲೇ ತೇಲಿ, ಬಾಲವನ್ನು ಒಂದು ಬದಿಗೆ ಬಾಗಿಸಿಕೊಂಡು, ಹುಳು ಚಿಪ್ಪಿನಿಂದ ಮೈ ಹೊರಚಾಚುವವರೆಗೆ ಕಾದು, ಥಟ್ಟನೆ ಅದರ ಮೃದುವಾದ ಭಾಗಕ್ಕೆ ಬಾಯಿ ಹಾಕುತ್ತದೆ. ಹಲ್ಲುಗಳು ಒಂದಕ್ಕೊಂದು ಬೆಸೆದು ಮೇಲೆ ಎರಡು, ಕೆಳಗೆ ಎರಡು ಗಟ್ಟಿ ಫಲಕಗಳಾಗಿರುವುದು ಪಫರ್ ಕುಟುಂಬದ ಲಕ್ಷಣವಾಗಿದ್ದು, ಸಣ್ಣ ಚಿಪ್ಪನ್ನು ಒಡೆಯುವ ಶಕ್ತಿ ಬರುವುದು ಈ ಫಲಕಗಳಿಂದಲೇ.

ಹೆಚ್ಚಾಗಿ ಚಲಿಸುವುದನ್ನೇ ಆಹಾರವೆಂದು ಗುರುತಿಸುವ ಇಂಥ ಜೀವಿಯ ಮುಂದೆ ಅಂಗಡಿಯ ಒಣ ಕಾಳುಗಳನ್ನು ಸುರಿದರೆ, ಅವು ತಳದಲ್ಲಿ ಕೊಳೆಯುತ್ತವೆಯೇ ಹೊರತು ಮೀನಿನ ಹೊಟ್ಟೆ ಸೇರುವುದು ಅಪರೂಪ. ತೊಟ್ಟಿಯ ತುಂಬ ಆಹಾರವಿದ್ದೂ ಮೀನು ಉಪವಾಸ ಸಾಯುವ ಈ ವಿಚಿತ್ರ ಸ್ಥಿತಿಯನ್ನು ತಪ್ಪಿಸಲು, ಸೊಳ್ಳೆಯ ಮರಿಗಳು, ನೀರುಚಿಗಟವೆಂದು ಕರೆಯುವ ಡ್ಯಾಫ್ನಿಯಾ, ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಚಿಕ್ಕ ಬಸವನಹುಳುಗಳು ಬೇಕು. ಚರಂಡಿಯ ಕೆಸರಿನಿಂದ ತೆಗೆದ ಟ್ಯೂಬಿಫೆಕ್ಸ್ ಹುಳುಗಳು ಸುಲಭವಾಗಿ ಸಿಕ್ಕರೂ ರೋಗಾಣುಗಳನ್ನು ಹೊತ್ತು ತರಬಹುದಾದ್ದರಿಂದ ಅವುಗಳಿಂದ ದೂರವಿರುವುದೇ ಲೇಸು. ಮೀನನ್ನು ತರುವ ಮೊದಲೇ ಇನ್ನೊಂದು ಪಾತ್ರೆಯಲ್ಲಿ ಬಸವನಹುಳುಗಳನ್ನು ಸಾಕಿ ಬೆಳೆಸಿಕೊಳ್ಳದವರು ಈ ಮೀನನ್ನು ಕೊಳ್ಳಬಾರದೆಂದು ಹೇಳಿದರೆ ಅದು ಅತಿಯಾದ ಮಾತಲ್ಲ.

ಮಾಂಸಾಹಾರದಿಂದ ಎದುರಾಗುವ ಮತ್ತೊಂದು ತೊಡಕು ನೀರಿನದು. ತಿಂದುಳಿದ ಚೂರುಗಳು ಕೊಳೆತಾಗಲೂ ಮೀನು ಮಲ ವಿಸರ್ಜಿಸಿದಾಗಲೂ ವಿಷಕಾರಿಯಾದ ಅಮೋನಿಯಾ ನೀರಿಗೆ ಸೇರುತ್ತದೆ. ಫಿಲ್ಟರಿನಲ್ಲಿ ನೆಲೆಯೂರುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ಸಾಕಷ್ಟು ವೃದ್ಧಿಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುವುದರಿಂದ, ತೊಟ್ಟಿ ಕೊಂಡ ದಿನವೇ ಪಫರ್ ಬಿಡುವುದೆಂದರೆ ಅದನ್ನು ವಿಷಕ್ಕೆ ಒಡ್ಡಿದಂತೆಯೇ ಸರಿ. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಮೀನಿನ ಕಿವಿರುಗಳನ್ನೂ ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಹಾಗಾಗಿ ವಾರವಾರದ ನೀರು ಬದಲಾವಣೆಯಲ್ಲಿ ಅದನ್ನು ನಿವಾರಿಸಿಯೇ ಬಳಸಬೇಕು. ಸಾಮಾನ್ಯ ಹುರುಪೆಗಳ ರಕ್ಷಣೆ ಇಲ್ಲದ ಮೈಯಾದ್ದರಿಂದ, ಬೇರೆ ಮೀನುಗಳು ತಾಳಿಕೊಳ್ಳುವ ತಾಮ್ರದ ಔಷಧಿಯೂ ಇದಕ್ಕೆ ಮಾರಕವಾಗಬಹುದು.

ಸಹವಾಸದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಉದ್ದ ರೆಕ್ಕೆಯ ಗಪ್ಪಿ, ಬೆಟ್ಟಾ ಮೊದಲಾದವುಗಳ ರೆಕ್ಕೆ ಕಚ್ಚುವುದು ಇದರ ಸ್ವಭಾವ. ಗಂಡುಗಳು ಪರಸ್ಪರ ಹೊಡೆದಾಡುತ್ತವೆ. ಗಂಡೊಂದಕ್ಕೆ ಹೆಣ್ಣುಗಳು ಹೆಚ್ಚಿರುವಂತೆಯೂ, ಒಂದರ ಕಣ್ಣಿಗೆ ಇನ್ನೊಂದು ಬೀಳದಷ್ಟು ಗಿಡಗಳು ಇರುವಂತೆಯೂ ನೋಡಿಕೊಂಡರೆ ಜಗಳ ತಗ್ಗುತ್ತದೆ.

ಮಾರುಕಟ್ಟೆಗೆ ಬರುವ ಮಲಬಾರ್ ಪಫರ್‌ಗಳಲ್ಲಿ ಅನೇಕವು ಹೊಳೆಯಿಂದಲೇ ಹಿಡಿದು ತಂದವು. ಕರುಳಿನಲ್ಲಿ ಪರಾವಲಂಬಿ ಹುಳುಗಳಿರುವ ಮೀನು ಎಷ್ಟು ತಿಂದರೂ ಸೊರಗುತ್ತ ಹೋಗುವುದರಿಂದ, ಕೊಳ್ಳುವವರು ಹೊಟ್ಟೆ ಒಳಸರಿದಿದೆಯೇ ಎಂದು ಪರೀಕ್ಷಿಸಿ, ತಮ್ಮೆದುರೇ ಆಹಾರ ಹಾಕಿಸಿ ನೋಡಿ, ತಂದ ಮೇಲೂ ಕೆಲವು ವಾರ ಪ್ರತ್ಯೇಕವಾಗಿ ಇಡುವುದು ಅಗತ್ಯ. ಆವಾಸಗಳ ನಾಶದ ಜೊತೆಗೆ ಈ ವ್ಯಾಪಾರವೂ ಸೇರಿ ಇವುಗಳ ಸಂಖ್ಯೆ ಕುಗ್ಗುತ್ತಿದ್ದು, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ಇದನ್ನು ಅಳಿವಿನ ಅಪಾಯಕ್ಕೆ ತುತ್ತಾಗಬಹುದಾದ ಪ್ರಭೇದಗಳ ಸಾಲಿಗೆ ಸೇರಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಮರಿಗಳನ್ನು ಕೇಳಿ ಪಡೆಯುವುದು ಇದಕ್ಕಿರುವ ಒಳ್ಳೆಯ ದಾರಿ. ಪಾಚಿಯಂಥ ಜಾವಾ ಮಾಸ್ ಗಿಡದ ಎಳೆಗಳ ನಡುವೆ ಇಟ್ಟ ಮೊಟ್ಟೆಗಳು ಕೆಲವೇ ದಿನಗಳಲ್ಲಿ ಒಡೆಯುತ್ತವೆಯಾದರೂ, ಆ ಮರಿಗಳ ಬಾಯಿಗೆ ಮೊದಲ ದಿನಗಳಲ್ಲಿ ಹಿಡಿಸುವುದು ಬರಿಗಣ್ಣಿಗೆ ಕಾಣದ ಜಲಜೀವಿಗಳು ಮಾತ್ರ. ಅವುಗಳನ್ನು ನಿತ್ಯ ಬೆಳೆಸಿ ಉಣಿಸುವ ತಾಳ್ಮೆಯ ಕೆಲಸಕ್ಕೆ ತಗಲುವ ಶ್ರಮದಿಂದಾಗಿ ಇಂಥ ಮರಿಗಳಿಗೆ ಬೆಲೆ ಹೆಚ್ಚಾದರೆ, ಅದನ್ನು ತೆರುವುದೇ ನ್ಯಾಯ.