ಯಂತ್ರದ ಬೆಲೆ, ರೋಗಿಯ ದಾರಿ

ಹೊಸ ವೈದ್ಯಕೀಯ ಉಪಕರಣ ಬಂದೊಡನೆ ಸರ್ಕಾರ ಅದನ್ನು ಕೊಳ್ಳಲೇಬೇಕೆನ್ನುವವರು ಒಂದು ಕಡೆ, ನಮ್ಮಂಥ ದೇಶಕ್ಕೆ ಅದು ದುಬಾರಿಯೆಂದು ತಳ್ಳಿಹಾಕುವವರು ಇನ್ನೊಂದು ಕಡೆ. ಎರಡೂ ನಿಲುವುಗಳು ಅಪೂರ್ಣವೆಂಬುದಕ್ಕೆ ನಮ್ಮ ಊರಿನಲ್ಲೇ ಸಾಕ್ಷಿಯಿದೆ.

ಹೆಬ್ಬಾಳ, ಯಲಹಂಕಗಳತ್ತ ಸಾಗುವ ಬಳ್ಳಾರಿ ರಸ್ತೆಯಲ್ಲಿ, 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿದೆ. ಹಳ್ಳಿಹಳ್ಳಿಗೆ ಎಕ್ಸ್‌ರೇ ವಾಹನ ಕಳುಹಿಸಿ ರೋಗಿಗಳನ್ನು ಹುಡುಕಬೇಕೇ ಎಂಬುದು ಅಂದು ಅದರ ಮುಂದಿದ್ದ ಪ್ರಶ್ನೆ. ವೈದ್ಯ ಹಾಗೂ ಸಮಾಜವಿಜ್ಞಾನಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್‌ಸನ್ ತುಮಕೂರು ಜಿಲ್ಲೆಯಲ್ಲಿ ಅಧ್ಯಯನ ನಡೆಸಿದರು. ಸುಮಾರು ಅರ್ಧದಷ್ಟು ರೋಗಿಗಳು ತಾವಾಗಿಯೇ ಚಿಕಿತ್ಸೆ ಅರಸಿ ಹೋಗುತ್ತಿದ್ದರು. ಕೆಮ್ಮಿನ ಔಷಧದ ಶೀಸೆ ಹಿಡಿದು ಮರಳುತ್ತಿದ್ದರು! ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಅಗ್ಗದ, ಸಮರ್ಥ ದಾರಿಯಾಗಿತ್ತು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಇದಕ್ಕೇ ಒತ್ತು ಕೊಟ್ಟಿತು.

ಆದರೆ ಅಂದಿನ ಲೆಕ್ಕ ಎಂದೆಂದಿಗೂ ಸರಿಯಾಗಿರದು. ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಾರು ಬ್ಯಾಕ್ಟೀರಿಯಾಗಳಿದ್ದರಷ್ಟೇ ಅವು ಸೂಕ್ಷ್ಮದರ್ಶಕಕ್ಕೆ ಕಾಣುತ್ತವೆ. ಔಷಧ ನಿರೋಧವನ್ನು ಅದು ತಿಳಿಸದು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅನುಮೋದಿಸಿದ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ, ರೋಗವನ್ನೂ ರಿಫಾಂಪಿಸಿನ್ ನಿರೋಧವನ್ನೂ ಸುಮಾರು ಎರಡು ಗಂಟೆಗಳಲ್ಲಿ ಪತ್ತೆಹಚ್ಚುತ್ತದೆ. 2012ರಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ ಅದರ ಕಾರ್ಟ್ರಿಜ್ ಬೆಲೆ 16.86 ಡಾಲರಿನಿಂದ 9.98 ಡಾಲರಿಗೆ ಇಳಿಯಿತು. ಬೆಲೆ ಇಳಿದಾಗ ಲೆಕ್ಕವೂ ಬದಲಾಗಲೇಬೇಕು.

ಹಾಗೆಂದು ಯಂತ್ರವೊಂದೇ ಸಾಲದು. 2011ರಿಂದ ಈ ಪರೀಕ್ಷೆಯನ್ನು ದೇಶವ್ಯಾಪಿಯಾಗಿ ಅಳವಡಿಸಿಕೊಂಡ ದಕ್ಷಿಣ ಆಫ್ರಿಕಾದಲ್ಲಿ, ಅದನ್ನು ಸೂಕ್ಷ್ಮದರ್ಶಕದೊಂದಿಗೆ ಹೋಲಿಸಿದ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಇಳಿದಿರಲಿಲ್ಲ. ರೋಗ ಪತ್ತೆಯಾದರೂ ಚಿಕಿತ್ಸೆಯವರೆಗೆ ತಲುಪದವರು ಎರಡೂ ಗುಂಪುಗಳಲ್ಲಿದ್ದರು.

ಇಂಥ ತೀರ್ಮಾನಗಳಿಗೆ ನೆರವಾಗಲೆಂದೇ 2017ರಲ್ಲಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನ ವ್ಯವಸ್ಥೆ ರೂಪುಗೊಂಡಿತು. ಹೆಚ್ಚುವರಿಯಾಗಿ ವ್ಯಯಿಸುವ ಹಣಕ್ಕೆ ಎಷ್ಟು ವರ್ಷಗಳ ಆರೋಗ್ಯಪೂರ್ಣ ಬದುಕು ದಕ್ಕುತ್ತದೆ ಎಂಬುದು ಅಲ್ಲಿನ ಮೂಲ ಪ್ರಶ್ನೆ. ಜೀವಕ್ಕೆ ಬೆಲೆ ಕಟ್ಟುವುದು ನಿರ್ದಯವೆಂಬ ಆಕ್ಷೇಪವಿದೆ. ನಾನು ಅದನ್ನು ಒಪ್ಪಲಾರೆ. ಲೆಕ್ಕವಿಲ್ಲದೆ ಕೊಂಡ ಯಂತ್ರದ ಹಣ ಇನ್ನಾರದೋ ಮಾತ್ರೆಯ ಹಣವಾಗಿರುತ್ತದೆ; ಆ ರೋಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಆದರೆ ಲೆಕ್ಕ ಪೂರ್ಣವಾಗಿರಬೇಕು. ಯಂತ್ರದ ಬೆಲೆಯ ಜೊತೆಗೆ ರೋಗಿಯ ಬಸ್ ಚಾರ್ಜು, ಕಳೆದುಹೋದ ದಿನಗೂಲಿ, ದುರಸ್ತಿ, ತಂತ್ರಜ್ಞರ ವೇತನ ಎಲ್ಲವೂ ಅದರಲ್ಲಿ ಸೇರಬೇಕು. ಬೆಲೆ ಬದಲಾದಾಗಲೆಲ್ಲ ತೀರ್ಮಾನದ ಮರುಪರಿಶೀಲನೆಯಾಗಬೇಕು. ಯಾವ ಯಂತ್ರ ಎಂದು ಕೇಳುವ ಮೊದಲು, ರೋಗಿ ಎಲ್ಲಿಗೆ ಬರುತ್ತಾನೆ, ಅಲ್ಲಿಂದ ಏನನ್ನು ಹಿಡಿದು ಮರಳುತ್ತಾನೆ ಎಂದು ಕೇಳುವುದೇ ನ್ಯಾಯ.